ಫಿಟ್ಸ್ ನಿಂತು ನಾಲ್ಕು ವರ್ಷವಾಯಿತು, ಮದುವೆಗೆ ಮುಂಚೆ ಮಾತ್ರೆ ಬಿಡಿಸಬಹುದೇ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಹಾವೇರಿ ಕಡೆಯ ಹಳ್ಳಿ. ಮಗಳಿಗೆ ಈಗ 23 ವರ್ಷ, ಬಿ.ಕಾಂ. ಮುಗಿಸಿ ಕೆಲಸಕ್ಕೆ ಹೋಗುತ್ತಿದ್ದಾಳೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಹೊತ್ತಿನಲ್ಲಿ ಒಂದು ಬೆಳಿಗ್ಗೆ ಅವಳಿಗೆ ಫಿಟ್ಸ್ ಬಂತು. ಆಮೇಲೆ ಮೂರ್ನಾಲ್ಕು ವರ್ಷದಲ್ಲಿ ಇನ್ನೂ ಮೂರು ಸಲ ಬಂತು, ಎಲ್ಲಾ ಬೆಳಗಿನ ಹೊತ್ತೇ. ಕೊನೆಯದು ಹಾಸ್ಟೆಲಿನಲ್ಲಿ ಎರಡು ದಿನ ಮಾತ್ರೆ ತಪ್ಪಿದಾಗ. ಅದಕ್ಕೆಲ್ಲ ಮುಂಚೆ ಎದ್ದ ಕೂಡಲೇ ಕೈ ಜಾಡಿಸಿ ಲೋಟ ಬೀಳಿಸುತ್ತಿದ್ದಳು, ಅವಳ ಅವ್ವ ಬೈಯುತ್ತಿದ್ದಳು. ವಾಲ್‌ಪ್ರೊಯೇಟ್ 500 ಎಂಜಿ ದಿನಕ್ಕೆ ಎರಡು ಸಲ ಕೊಡುತ್ತಿದ್ದೇವೆ. ನಾಲ್ಕು ವರ್ಷದಿಂದ ಏನೂ ಇಲ್ಲ. ಇಇಜಿ (ಮೆದುಳಿನ ಅಲೆಗಳ ಪರೀಕ್ಷೆ), ಎಂಆರ್‌ಐ ಎರಡೂ ನಾರ್ಮಲ್. ಮುಂದಿನ ವರ್ಷ ಮದುವೆ. ಗಂಡಿನ ಕಡೆಯವರಿಗೆ ಇನ್ನೂ ಹೇಳಿಲ್ಲ. ನಮ್ಮ ಅಕ್ಕ, ‘ಮಾತ್ರೆ ಬಿಡಿಸಿಯೇ ಕಳಿಸು, ಮದುವೆಯಾದರೆ ಎಲ್ಲಾ ಸರಿಹೋಗುತ್ತದೆ’ ಎನ್ನುತ್ತಾಳೆ. ಮಗ ಮೊಬೈಲಿನಲ್ಲಿ ಓದಿ, ‘ಮಾತ್ರೆ ಬಿಟ್ಟರೆ ಮೆದುಳಿನ ನೆಟ್‌ವರ್ಕ್ ಬದಲಾಗಿ ಫಿಟ್ಸ್ ತಿರುಗಿ ಬರುತ್ತದಂತೆ’ ಎಂದು ಹೆದರಿಸಿದ್ದಾನೆ. ಇಷ್ಟು ವರ್ಷ ಮಾತ್ರೆ ತಿಂದು ನೆಟ್‌ವರ್ಕ್ ಕೆಟ್ಟಿದೆಯೇ? ಸ್ಕ್ಯಾನ್ ಮಾಡಿಸಿದರೆ ಗೊತ್ತಾಗುತ್ತದೆಯೇ? ಬಿಡಿಸಬಹುದೇ, ಬಿಡಿಸಬಾರದೇ?

ಉತ್ತರ: ಮೊದಲು ಉತ್ತರ ಹೇಳಿ, ಆಮೇಲೆ ಕಾರಣ ಹೇಳುತ್ತೇನೆ. ನೀವು ಬರೆದಿರುವುದನ್ನು ನೋಡಿದರೆ ಈ ಮಗಳಿಗೆ ಮಾತ್ರೆ ಪೂರ್ತಿ ಬಿಡಿಸುವುದು ಬೇಡ. ಆದರೆ ಈಗಿರುವ ಇದೇ ಮಾತ್ರೆಯ ಮೇಲೆ ಮದುವೆ ಮಾಡಿ ಕಳಿಸುವುದೂ ಬೇಡ. ನಿಮ್ಮ ಊರಿನ ಡಾಕ್ಟರ ಜೊತೆ ಮಾತಾಡಬೇಕಾದ ವಿಷಯ ಮಾತ್ರೆ ಬದಲಿಸುವುದು. ಅದಕ್ಕೆ ತಿಂಗಳುಗಟ್ಟಲೆ ಸಮಯ ಬೇಕು. ಪುಣ್ಯಕ್ಕೆ ನಿಮ್ಮ ಕೈಯಲ್ಲಿ ಸಮಯವಿದೆ.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಲೋಟದ ಮಾತು. ನೀವು ಅದನ್ನು ಸುಮ್ನೆ ಸೇರಿಸಿದಂತಿದೆ. ಹದಿಹರೆಯದ ಹುಡುಗಿ, ನಿದ್ದೆಯಿಂದ ಎದ್ದ ಅರ್ಧ ಗಂಟೆಯೊಳಗೆ ಕೈ ತಟ್ಟನೆ ಜಾಡಿಸುತ್ತದೆ, ಚಹಾ ಚೆಲ್ಲುತ್ತದೆ, ಹಲ್ಲುಜ್ಜುವ ಬ್ರಷ್ ಹಾರುತ್ತದೆ, ಬಾಚಣಿಗೆ ಬೀಳುತ್ತದೆ. ಪ್ರಜ್ಞೆ ಏನೂ ತಪ್ಪುವುದಿಲ್ಲ. ಮನೆಯವರು ‘ಗಮನ ಇಲ್ಲ ನಿಂಗೆ’ ಎಂದು ಬೈಯುತ್ತಾರೆ. ಕೆಲವು ತಿಂಗಳ ನಂತರ, ರಾತ್ರಿ ನಿದ್ದೆಗೆಟ್ಟು ಓದಿದ ಮಾರನೆಯ ಬೆಳಿಗ್ಗೆ ದೊಡ್ಡ ಫಿಟ್ಸ್. ಇಷ್ಟು ಕೇಳಿದರೆ ಯಾವ ನರರೋಗ ತಜ್ಞರಿಗೂ ಮೊದಲು ಹೊಳೆಯುವುದು ಜುವೆನೈಲ್ ಮಯೋಕ್ಲೋನಿಕ್ ಎಪಿಲೆಪ್ಸಿ, ಅಂದರೆ ಹದಿಹರೆಯದಲ್ಲಿ ಶುರುವಾಗುವ, ಕೈ ಜಾಡಿಸುವ ಜಾತಿಯ ಫಿಟ್ಸ್. ನಾವು ಚಿಕ್ಕದಾಗಿ ಜೆಎಂಇ ಎನ್ನುತ್ತೇವೆ. ಪತ್ರ ಓದಿ ರೋಗ ಖಚಿತ ಮಾಡಲು ಆಗುವುದಿಲ್ಲ. ನಿಮ್ಮ ಡಾಕ್ಟರು ಆಗಲೇ ಈ ಹೆಸರು ಬರೆದಿರಬಹುದು, ಹಳೆಯ ಚೀಟಿಗಳನ್ನು ತೆಗೆದು ನೋಡಿ. ಬರೆದಿಲ್ಲವಾದರೆ ಲೋಟದ ಕಥೆಯನ್ನು ಅವರಿಗೆ ಹೇಳಿ. ಎಷ್ಟೋ ಮನೆಯವರು ಇದನ್ನು ಕಾಯಿಲೆ ಎಂದೇ ಎಣಿಸುವುದಿಲ್ಲ, ಹಾಗಾಗಿ ಡಾಕ್ಟರ ಕಿವಿಗೇ ಬೀಳುವುದಿಲ್ಲ.

ಈ ಹೆಸರು ಯಾಕೆ ಮುಖ್ಯ ಅಂದರೆ, ಮಾತ್ರೆ ಬಿಟ್ಟರೆ ಏನಾಗುತ್ತದೆ ಎಂಬುದು ಎಷ್ಟು ವರ್ಷ ಫಿಟ್ಸ್ ಬಂದಿಲ್ಲ ಎನ್ನುವುದಕ್ಕಿಂತ ಯಾವ ಜಾತಿಯ ಫಿಟ್ಸ್ ಎನ್ನುವುದರ ಮೇಲೆ ಜಾಸ್ತಿ ನಿಂತಿದೆ. ಜೆಎಂಇ ಮಾತ್ರೆಗೆ ತುಂಬಾ ಚೆನ್ನಾಗಿ ಬಗ್ಗುತ್ತದೆ, ಹೆಚ್ಚಿನವರು ವರ್ಷಗಟ್ಟಲೆ ಆರಾಮವಾಗಿರುತ್ತಾರೆ. ಆದರೆ ಬಿಟ್ಟವರಲ್ಲಿ ನೂರಕ್ಕೆ ಸುಮಾರು 80 ಮಂದಿಗೆ ಮತ್ತೆ ಬರುತ್ತದೆ. ಹಾಸ್ಟೆಲಿನಲ್ಲಿ ಎರಡೇ ದಿನ ಮಾತ್ರೆ ತಪ್ಪಿದ್ದಕ್ಕೆ ಫಿಟ್ಸ್ ಬಂತಲ್ಲ, ಅವಳ ಮೆದುಳು ಆಗಲೇ ಒಂದು ಸಲ ಉತ್ತರ ಕೊಟ್ಟಿದೆ. ನಲವತ್ತು ದಾಟಿದ ಮೇಲೆ ಕೆಲವರಲ್ಲಿ ಇದರ ಕಾಟ ಇಳಿಯುತ್ತದೆ. ಆಗ ಇನ್ನೊಮ್ಮೆ ಕೂತು ಯೋಚಿಸಬಹುದು. 23ರಲ್ಲಿ, ಮದುವೆಯ ಹೊಸ್ತಿಲಲ್ಲಿ, ಅದು ಬೇಡ.

ಈಗ ನಿಮ್ಮ ಮಗ ಓದಿದ ನೆಟ್‌ವರ್ಕ್ ವಿಷಯ. ಅವನು ಓದಿದ್ದು ಪೂರ್ತಿ ಸುಳ್ಳಲ್ಲ, ಅರ್ಥ ಮಾಡಿಕೊಂಡಿದ್ದು ಸ್ವಲ್ಪ ಅಡ್ಡ ಹೋಗಿದೆ.

ವಾರದ ಸಂತೆಯನ್ನು ನೆನಪು ಮಾಡಿಕೊಳ್ಳಿ. ಎಲ್ಲರೂ ಮಾತಾಡುತ್ತಿರುತ್ತಾರೆ, ಒಬ್ಬೊಬ್ಬರದು ಒಂದೊಂದು ಮಾತು. ಒಬ್ಬ ಮೆಣಸಿನಕಾಯಿ ಚೌಕಾಸಿ ಮಾಡುತ್ತಾನೆ, ಇನ್ನೊಬ್ಬ ಚಿಲ್ಲರೆ ಕೇಳುತ್ತಾನೆ. ಆ ಗದ್ದಲದಲ್ಲೇ ವ್ಯಾಪಾರ ನಡೆಯುತ್ತದೆ. ಇದ್ದಕ್ಕಿದ್ದಂತೆ ಸಂತೆಗೆ ಸಂತೆಯೇ ಒಂದೇ ಘೋಷಣೆಯನ್ನು ಒಂದೇ ತಾಳದಲ್ಲಿ ಕೂಗಲು ಶುರು ಮಾಡಿದರೆ ವ್ಯಾಪಾರ ನಿಂತೇಹೋಗುತ್ತದೆ. ಫಿಟ್ಸ್ ಅಂದರೆ ಇದೇ. ನರಕೋಶಗಳು ತಮ್ಮ ತಮ್ಮ ಕೆಲಸ ಬಿಟ್ಟು ಒಟ್ಟಿಗೆ ಮಿಡಿಯುತ್ತವೆ. ಕೂಗು ಒಂದು ಮೂಲೆಯಿಂದ ಎದ್ದು ಹಬ್ಬುವ ಜಾತಿ ಒಂದು. ಮೆದುಳಿನ ನಡುವಿನ ಥಾಲಮಸ್ ಮತ್ತು ಮೇಲ್ಪದರದ ನಡುವೆ ಸುತ್ತುವ ಸಂಕೇತಗಳಲ್ಲೇ ಕೂಗು ಹುಟ್ಟಿ ಎರಡೂ ಕಡೆ ಒಟ್ಟಿಗೆ ಹರಡುವ ಜಾತಿ ಇನ್ನೊಂದು. ಜೆಎಂಇ ಎರಡನೆಯದು. ಹಾಗಾಗಿ ಎಂಆರ್‌ಐನಲ್ಲಿ ಗಾಯ, ಗಂಟು ಏನೂ ಕಾಣುವುದಿಲ್ಲ. ನಿಮಗೆ ಬಂದ ನಾರ್ಮಲ್ ರಿಪೋರ್ಟ್ ಅದಕ್ಕೆ ಸರಿಯಾಗಿಯೇ ಇದೆ.

ಲಂಡನ್ನಿನ ಸಂಶೋಧಕರು 2011ರಲ್ಲಿ ಒಂದು ಒಳ್ಳೆಯ ಕೆಲಸ ಪ್ರಕಟಿಸಿದರು. ಜೆಎಂಇ ಇರುವವರನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿ ನೆನಪಿನ ಶಕ್ತಿಗೆ ಕೆಲಸ ಕೊಟ್ಟರು. ಯೋಚನೆ ಮಾಡುವ ಭಾಗಗಳು ಚುರುಕಾಗಬೇಕಾದದ್ದೇ. ಆದರೆ ಇವರಲ್ಲಿ ಕೈಕಾಲು ಆಡಿಸುವ ಭಾಗವೂ ಜೊತೆಗೆ ಎಚ್ಚರವಾಯಿತು. ಆ ಎರಡು ಭಾಗಗಳ ನಡುವಿನ ಸಂಪರ್ಕ ಉಳಿದವರಿಗಿಂತ ಗಟ್ಟಿಯಾಗಿತ್ತು. ಪರೀಕ್ಷೆಗೆ ಓದುವಾಗ, ತಲೆಗೆ ಕೆಲಸ ಕೊಟ್ಟಾಗ ಕೆಲವರಿಗೆ ಕೈ ಜಾಡಿಸುವುದು ಯಾಕೆ ಎಂಬುದಕ್ಕೆ ಇದೊಂದು ವಿವರಣೆ. ವಾಲ್‌ಪ್ರೊಯೇಟ್ ಡೋಸ್ ಜಾಸ್ತಿ ಇದ್ದವರಲ್ಲಿ ಈ ಅತಿಯಾದ ಚುರುಕು ಕಡಿಮೆ ಇತ್ತು ಎಂಬುದನ್ನೂ ಗಮನಿಸಿದರು.

ಅಂದರೆ ಮಾತ್ರೆ ನೆಟ್‌ವರ್ಕನ್ನು ಕೆಡಿಸುತ್ತಿಲ್ಲ. ಮೊದಲೇ ಹಾಗಿರುವ ನೆಟ್‌ವರ್ಕನ್ನು ಹದದಲ್ಲಿಟ್ಟಿದೆ. ಬಿಟ್ಟಾಗ ಹೊಸದೇನೋ ಹುಟ್ಟುವುದಿಲ್ಲ, ಮುಚ್ಚಿಕೊಂಡಿದ್ದದ್ದು ಹೊರಗೆ ಬರುತ್ತದೆ. ಇದಕ್ಕೇ ಈಗ ನಾವು ಈ ಮಾತ್ರೆಗಳನ್ನು ‘ಫಿಟ್ಸ್ ತಡೆಯುವ ಮಾತ್ರೆ’ ಎನ್ನುತ್ತೇವೆ, ಕಾಯಿಲೆಯನ್ನೇ ಕಿತ್ತುಹಾಕುವ ಮಾತ್ರೆ ಎಂದು ಹೇಳುವುದಿಲ್ಲ. ಶುಗರ್ ಮಾತ್ರೆ, ಬಿಪಿ ಮಾತ್ರೆಗೂ ಇದೇ ಮಾತು ಸಲ್ಲುತ್ತದೆ. ಅಲ್ಲಿ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಅಲ್ವಾ?

ಒಂದು ಅಪವಾದವಿದೆ. ಫೀನೋಬಾರ್ಬಿಟಾನ್ (ಗಾರ್ಡಿನಾಲ್), ಕ್ಲೋಬಜಾಮ್‌ನಂಥ ಮಾತ್ರೆಗಳಿಗೆ ಮೆದುಳು ನಿಜವಾಗಿಯೂ ಒಗ್ಗಿಕೊಂಡುಬಿಡುತ್ತದೆ. ಅವನ್ನು ತಟ್ಟನೆ ನಿಲ್ಲಿಸಿದರೆ ಆ ನಿಲ್ಲಿಸಿದ್ದೇ ಫಿಟ್ಸ್‌ಗೆ ಕಾರಣವಾಗುತ್ತದೆ. ಅವನ್ನು ಇಳಿಸಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಇನ್ನು, ಯಾವ ಮಾತ್ರೆಯೇ ಆಗಲಿ, ಒಂದೇ ದಿನಕ್ಕೆ ನಿಲ್ಲಿಸಿದರೆ ಫಿಟ್ಸ್ ಮೇಲೆ ಫಿಟ್ಸ್ ಬಂದು ನಿಲ್ಲದೇ ಹೋಗುವ ಅಪಾಯವಿದೆ. ಅದು ಜೀವಕ್ಕೆ ಬರುವ ಸ್ಥಿತಿ. ನಿಮ್ಮ ಅಕ್ಕನವರಿಗೆ ಇದೊಂದನ್ನು ಮಾತ್ರ ಗಟ್ಟಿಯಾಗಿ ಹೇಳಿ.

ಸ್ಕ್ಯಾನ್‌ನಲ್ಲಿ ಗೊತ್ತಾಗುತ್ತದೆಯೇ ಎಂದು ಕೇಳಿದ್ದೀರಿ. ಇಲ್ಲ. ನೆಟ್‌ವರ್ಕ್ ಅಧ್ಯಯನಗಳು ಒಂದು ಗುಂಪನ್ನು ಇನ್ನೊಂದು ಗುಂಪಿನ ಜೊತೆ ಹೋಲಿಸುತ್ತವೆ. ಒಬ್ಬ ಹುಡುಗಿಯನ್ನು ಮಲಗಿಸಿ ‘ನಿನಗೆ ಮತ್ತೆ ಬರುತ್ತದೆ, ನಿನಗೆ ಬರುವುದಿಲ್ಲ’ ಎಂದು ಹೇಳುವ ಮಟ್ಟಕ್ಕೆ ಅವು ಬಂದಿಲ್ಲ. ಯಾರಾದರೂ ಇದಕ್ಕೆಂದೇ ದುಬಾರಿ ಸ್ಕ್ಯಾನ್ ಬರೆದುಕೊಟ್ಟರೆ, ‘ಇದರಿಂದ ನೀವು ಮಾಡುವ ತೀರ್ಮಾನ ಬದಲಾಗುತ್ತದೆಯೇ’ ಎಂದು ಮರ್ಯಾದೆಯಿಂದಲೇ ಕೇಳಿ. ಇಇಜಿ ಸ್ವಲ್ಪ ಸಹಾಯಕ್ಕೆ ಬರುತ್ತದೆ, ಆದರೆ ಅದು ಕೆಟ್ಟದಾಗಿದ್ದಾಗ ಜಾಸ್ತಿ, ಚೆನ್ನಾಗಿದ್ದಾಗ ಕಡಿಮೆ. ಇಇಜಿಯಲ್ಲಿ ಫಿಟ್ಸ್‌ನ ಗುರುತು ಕಂಡರೆ ಬಿಡುವುದು ಅಪಾಯ ಎಂದು ಹೇಳಬಹುದು. ಕಾಣದಿದ್ದರೆ ವಾಸಿಯಾಗಿದೆ ಎನ್ನಲು ಬರುವುದಿಲ್ಲ. ಅದರಲ್ಲೂ ವಾಲ್‌ಪ್ರೊಯೇಟ್ ತೆಗೆದುಕೊಳ್ಳುತ್ತಿರುವ ಜೆಎಂಇಯಲ್ಲಿ ಇಇಜಿ ನಾರ್ಮಲ್ ಬಂದರೆ, ಮಾತ್ರೆ ಕೆಲಸ ಮಾಡುತ್ತಿದೆ ಎಂದಷ್ಟೇ ಅರ್ಥ.

ಇದನ್ನು ಓದುವ ಬೇರೆಯವರು ‘ಹಾಗಾದರೆ ಯಾರೂ ಮಾತ್ರೆ ಬಿಡುವಂತೆಯೇ ಇಲ್ಲವೇ’ ಎಂದುಕೊಳ್ಳಬೇಡಿ. ಬಿಡಬಹುದಾದವರು ಬಹಳ ಮಂದಿ ಇದ್ದಾರೆ. ಮಕ್ಕಳಿಗೆ ನಿದ್ದೆಯಲ್ಲಿ ಬಾಯಿ ಒಂದು ಕಡೆ ಎಳೆದು ಜೊಲ್ಲು ಸುರಿಯುವ ರೋಲಾಂಡಿಕ್ ಎಪಿಲೆಪ್ಸಿ ಹದಿನಾರರ ಹೊತ್ತಿಗೆ ತಾನಾಗಿಯೇ ಹೋಗುತ್ತದೆ. ಲಾಡಿಹುಳದ ಮರಿ ಮೆದುಳಿಗೆ ಹೋಗಿ ಒಂದೇ ಒಂದು ಚಿಕ್ಕ ಗಂಟಾಗಿ ಫಿಟ್ಸ್ ಬರುವುದು ನಮ್ಮ ದೇಶದಲ್ಲಿ ಸಾಮಾನ್ಯ. ಆ ಗಂಟು ಸ್ಕ್ಯಾನಿನಲ್ಲಿ ಪೂರ್ತಿ ಮಾಯವಾದರೆ ಮಾತ್ರೆ ಬೇಗ ನಿಲ್ಲಿಸಬಹುದು. ಸುಣ್ಣಗಟ್ಟಿ ಉಳಿದರೆ ಮತ್ತೆ ಬರುವ ಸಂಭವ ಜಾಸ್ತಿ. ತಲೆಗೆ ಬಿಸಿನೀರು ಹುಯ್ದುಕೊಂಡಾಗ ಮಾತ್ರ ಬರುವ ಫಿಟ್ಸ್ ಅಂತೂ ನಮ್ಮ ಮೈಸೂರು ಸೀಮೆಯ ವಿಶೇಷ. ನಿಮ್ಹಾನ್ಸ್‌ನವರು ಇದರ ಮೇಲೆ ಬಹಳ ಕೆಲಸ ಮಾಡಿದ್ದಾರೆ. ಅವರಲ್ಲಿ ಎಷ್ಟೋ ಜನರಿಗೆ ನೀರಿನ ಬಿಸಿ ತಗ್ಗಿಸಿದರೆ, ಇಲ್ಲವೇ ಸ್ನಾನಕ್ಕೆ ಮುಂಚೆ ಒಂದು ಕ್ಲೋಬಜಾಮ್ ಕೊಟ್ಟರೆ ಸಾಕಾಗುತ್ತದೆ.

ಉಳಿದವರಿಗೆ ಲೆಕ್ಕ ಏನು ಹೇಳುತ್ತದೆ? ಬ್ರಿಟನ್ನಿನಲ್ಲಿ ಎರಡು ವರ್ಷವಾದರೂ ಫಿಟ್ಸ್ ಇಲ್ಲದ 1,013 ಜನರನ್ನು ಎರಡು ಪಾಲು ಮಾಡಿ, ಅರ್ಧ ಜನರಿಗೆ ಮಾತ್ರೆ ಮುಂದುವರಿಸಿ, ಉಳಿದವರಿಗೆ ನಿಧಾನವಾಗಿ ಇಳಿಸಿ ನೋಡಿದರು. 1991ರಲ್ಲಿ ಫಲಿತಾಂಶ ಬಂತು. ಎರಡು ವರ್ಷದ ನಂತರ ಮಾತ್ರೆ ತಿನ್ನುತ್ತಿದ್ದವರಲ್ಲಿ ನೂರಕ್ಕೆ 78 ಜನ, ಬಿಟ್ಟವರಲ್ಲಿ 59 ಜನ ಆರಾಮವಾಗಿದ್ದರು. ಈ ಲೆಕ್ಕದ ಎರಡೂ ಮುಖ ನೋಡಬೇಕು. ಬಿಟ್ಟರೂ ಅರ್ಧಕ್ಕಿಂತ ಜಾಸ್ತಿ ಜನರಿಗೆ ಏನೂ ಆಗಲಿಲ್ಲ. ತಿಂದರೂ ನೂರಕ್ಕೆ 22 ಜನರಿಗೆ ಬಂತು! 2017ರಲ್ಲಿ ಹತ್ತು ಅಧ್ಯಯನಗಳ 1,769 ಜನರ ವಿವರ ಒಟ್ಟು ಮಾಡಿ ನೋಡಿದಾಗ, ಬಿಟ್ಟವರಲ್ಲಿ ನೂರಕ್ಕೆ 46 ಮಂದಿಗೆ ತಿರುಗಿ ಬಂದಿತ್ತು. ಕಾಯಿಲೆ ಎಷ್ಟು ವರ್ಷ ಕಾಡಿತ್ತು, ಎಷ್ಟು ಸಲ ಬಂದಿತ್ತು, ನಿಂತು ಎಷ್ಟು ದಿನವಾಯಿತು, ಬುದ್ಧಿ ಬೆಳವಣಿಗೆ ಹೇಗಿದೆ, ಇಇಜಿ ಹೇಗಿದೆ, ಇವೆಲ್ಲದರ ಮೇಲೆ ಒಬ್ಬೊಬ್ಬರ ಸಂಭವ ಏರುತ್ತದೆ, ಇಳಿಯುತ್ತದೆ.

ತಿರುಗಿ ಬರುವುದಾದರೆ ಬೇಗ ಬರುತ್ತದೆ. ಹೆಚ್ಚಿನವು ಮೊದಲ ವರ್ಷದಲ್ಲಿ, ಅದರಲ್ಲೂ ಇಳಿಸುತ್ತಿರುವಾಗ ಮತ್ತು ನಿಲ್ಲಿಸಿದ ಮೊದಲ ಆರು ತಿಂಗಳಲ್ಲಿ. ಮತ್ತೆ ಮಾತ್ರೆ ಶುರು ಮಾಡಿದರೆ ಹಿಡಿತಕ್ಕೆ ಬರುತ್ತದೆಯೇ? ಬಹುಪಾಲು ಬರುತ್ತದೆ. ಅದೇ ಬ್ರಿಟನ್ನಿನ ಅಧ್ಯಯನದಲ್ಲಿ ತಿರುಗಿ ಬಂದವರಲ್ಲಿ ನೂರಕ್ಕೆ 95 ಜನ ಮೂರು ವರ್ಷದೊಳಗೆ ಕನಿಷ್ಠ ಒಂದು ವರ್ಷ ಫಿಟ್ಸ್ ಇಲ್ಲದೆ ಕಳೆದರು. ಆದರೆ ಎಲ್ಲರಿಗೂ ಮೊದಲಿನ ಹಾಗೆ ಸಲೀಸಾಗಿ ಹಿಡಿತಕ್ಕೆ ಬರುವುದಿಲ್ಲ. ಇದನ್ನು ಮುಂಚೆಯೇ ಹೇಳದೆ ಮಾತ್ರೆ ಇಳಿಸುವುದು ನನಗೆ ಸರಿಕಾಣುವುದಿಲ್ಲ.

ಹಾಗಾಗಿ ನಾನು ಯಾರಿಗಾದರೂ ಕೇಳುವುದು ಒಂದೇ ಪ್ರಶ್ನೆ. ಮಾತ್ರೆ ಬಿಟ್ಟು ಒಂದೇ ಒಂದು ಫಿಟ್ಸ್ ಬಂದರೆ ನಿಮಗೆ ಎಷ್ಟು ನಷ್ಟ? ಮನೆಯಲ್ಲಿ ಅಪ್ಪ ಅಮ್ಮನ ಕಣ್ಣೆದುರಿರುವ ಹತ್ತು ವರ್ಷದ ಹುಡುಗನಿಗೆ ಒಂದು ಲೆಕ್ಕ. ಬೈಕ್ ಓಡಿಸುವವನಿಗೆ, ಗಾರೆ ಕೆಲಸಕ್ಕೆ ಸಾರ್ವೆ ಹತ್ತುವವನಿಗೆ, ಕೆರೆ ಬಾವಿ ಕಡೆ ಒಬ್ಬರೇ ಹೋಗುವವರಿಗೆ ಬೇರೆ ಲೆಕ್ಕ. ಫಿಟ್ಸ್ ಹತೋಟಿಯಲ್ಲಿಲ್ಲದಾಗ ನಿದ್ದೆಯಲ್ಲಿ ಹಠಾತ್ತನೆ ಜೀವ ಹೋಗುವ ಸಂಭವವೂ ಇದೆ. ಅಪರೂಪ, ಆದರೆ ಇದೆ. ನಿಮ್ಮ ಮಗಳ ವಿಷಯದಲ್ಲಿ ಹೊಸ ಮನೆ, ಹೊಸ ಜನ, ಗೊತ್ತಿಲ್ಲದ ಅಡುಗೆಮನೆ, ವಿಷಯವೇ ಗೊತ್ತಿಲ್ಲದ ಗಂಡ. ಬೀಳುವುದಕ್ಕೆ ಇದಕ್ಕಿಂತ ಕೆಟ್ಟ ಸಮಯ ಸಿಗುವುದಿಲ್ಲ. ಮುಹೂರ್ತದ ಹಿಂದಿನ ರಾತ್ರಿ ಮೆಹಂದಿ ಹಾಕಿಸಿಕೊಂಡು ನೆಂಟರ ಜೊತೆ ಎಚ್ಚರವಿದ್ದು, ಬೆಳಗಿನ ನಾಲ್ಕಕ್ಕೆ ಎಬ್ಬಿಸಿ ಉಪವಾಸದಲ್ಲಿ ಕೂರಿಸುತ್ತಾರಲ್ಲ, ಜೆಎಂಇಯನ್ನು ಕೆಣಕಲು ಅದಕ್ಕಿಂತ ಬೇರೆ ಬೇಕಿಲ್ಲ. ಮಾತ್ರೆ ತೆಗೆದುಕೊಳ್ಳುತ್ತಿದ್ದರೂ ಆ ಎರಡು ದಿನ ಹುಷಾರಾಗಿರಬೇಕು.

ಇನ್ನು ಈಗಿನ ಮಾತ್ರೆಯನ್ನೇ ಮುಂದುವರಿಸಿದರೆ ಏನು ತೊಂದರೆ? ಫಿಟ್ಸ್ ಮಟ್ಟಿಗೆ ವಾಲ್‌ಪ್ರೊಯೇಟ್ ಜೆಎಂಇಗೆ ಬಹಳ ಗಟ್ಟಿ ಔಷಧಿ. ತೊಂದರೆ ಬಸಿರಿನಲ್ಲಿ. ತಾಯಿ ಇದನ್ನು ತೆಗೆದುಕೊಳ್ಳುತ್ತಿದ್ದಾಗ ಹುಟ್ಟುವ ಮಕ್ಕಳಲ್ಲಿ ನೂರಕ್ಕೆ ಸುಮಾರು 10ಕ್ಕೆ ಬೆನ್ನುಹುರಿ, ಹೃದಯ, ಸೀಳುತುಟಿಯಂಥ ಅಂಗದೋಷ ಬರುತ್ತದೆ. ನೂರಕ್ಕೆ 30ರಿಂದ 40 ಮಕ್ಕಳಿಗೆ ಮಾತು, ಕಲಿಕೆ, ಬೆಳವಣಿಗೆ ಹಿಂದುಳಿಯಬಹುದು. ಡೋಸ್ ಜಾಸ್ತಿಯಾದಷ್ಟೂ ಅಪಾಯ ಜಾಸ್ತಿ. ಬೆನ್ನುಹುರಿ ಕೂಡಿಕೊಳ್ಳುವುದು ಬಸಿರಿನ ಮೊದಲ ಕೆಲವೇ ವಾರಗಳಲ್ಲಿ, ಎಷ್ಟೋ ಹೆಂಗಸರಿಗೆ ಮುಟ್ಟು ನಿಂತಿದೆ ಎಂದು ಗಮನಕ್ಕೆ ಬರುವ ಹೊತ್ತಿಗೆ ಅದು ಮುಗಿದಿರುತ್ತದೆ. ‘ಬಸಿರಾದ ಮೇಲೆ ಬದಲಿಸೋಣ’ ಎನ್ನುವುದು ಇದಕ್ಕೇ ಪ್ರಯೋಜನಕ್ಕೆ ಬರುವುದಿಲ್ಲ. ಮೈ ಬರುವುದು, ಕೂದಲು ಉದುರುವುದು, ಮುಟ್ಟು ಏರುಪೇರಾಗುವುದು ಬೇರೆ.

ಬದಲಿಗೆ ಸಾಮಾನ್ಯವಾಗಿ ಯೋಚಿಸುವುದು ಎರಡು ಔಷಧಿ. ಲೆವೆಟಿರಾಸಿಟಮ್ ಬೇಗ ಕೆಲಸ ಶುರು ಮಾಡುತ್ತದೆ, ಬಸಿರಿನಲ್ಲಿ ಅಪಾಯ ಕಡಿಮೆ. ಕೆಲವರಿಗೆ ಸಿಡುಕು, ಬೇಸರ, ಅಳು ಬರುತ್ತದೆ. ಹೊಸ ಮನೆಗೆ ಹೋಗುವ ಹುಡುಗಿಗೆ ಇದು ಸಣ್ಣ ವಿಷಯವಲ್ಲ, ಆದ್ದರಿಂದ ಮದುವೆಗೆ ತಿಂಗಳುಗಳ ಮುಂಚೆಯೇ ಕೊಟ್ಟು ನೋಡಬೇಕು. ಲ್ಯಾಮೋಟ್ರಿಜಿನ್ ಕೂಡ ಬಸಿರಿಗೆ ಒಳ್ಳೆಯದು, ಮನಸ್ಸಿಗೂ ಹಗುರ. ಆದರೆ ವಾಲ್‌ಪ್ರೊಯೇಟ್ ಜೊತೆ ಸೇರಿದರೆ ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಬೇಗ ಏರಿಸಿದರೆ ಮೈಮೇಲೆ ಗಂಧೆ ಎದ್ದು, ಅಪರೂಪಕ್ಕೆ ಚರ್ಮವೇ ಕಿತ್ತುಬರುವಷ್ಟು ಆಗಬಹುದು. ಹಾಗಾಗಿ ತೀರಾ ಚಿಕ್ಕ ಡೋಸಿನಿಂದ ವಾರ ವಾರಕ್ಕೆ ನಿಧಾನವಾಗಿ ಏರಿಸುತ್ತೇವೆ. ಕೆಲವರಲ್ಲಿ ಕೈ ಜಾಡಿಸುವುದನ್ನು ಇದೇ ಜಾಸ್ತಿ ಮಾಡುವುದೂ ಉಂಟು. ಬಸಿರಿನಲ್ಲಿ ಇದರ ಮಟ್ಟ ಇಳಿದುಬಿಡುತ್ತದೆ, ಡೋಸ್ ಏರಿಸಬೇಕಾಗುತ್ತದೆ. ಯಾವುದೇ ಆಗಲಿ, ಹೊಸದು ಸರಿಯಾದ ಮಟ್ಟಕ್ಕೆ ಬಂದ ಮೇಲೆ ಹಳೆಯದನ್ನು ಇಳಿಸುವುದು. ಆ ಅವಧಿಯಲ್ಲಿ ಫಿಟ್ಸ್ ಬರುವ ಸಂಭವ ಇದ್ದೇ ಇದೆ. ಗಾಡಿ ಓಡಿಸುವುದು ಬೇಡ, ಬಚ್ಚಲಿಗೆ ಚಿಲಕ ಹಾಕುವುದು ಬೇಡ. ಇವೆರಡೂ ಸಾಲದೇ ಹೋಗಿ ವಾಲ್‌ಪ್ರೊಯೇಟ್‌ಗೇ ಮರಳಬೇಕಾದವರೂ ಇದ್ದಾರೆ. ಆಗ ಆದಷ್ಟು ಕಡಿಮೆ ಡೋಸ್, ಮತ್ತು ಅಪಾಯ ಗೊತ್ತಿದ್ದು ಅವಳೇ ಮಾಡಿದ ತೀರ್ಮಾನ.

ಒಂದು ಎಚ್ಚರಿಕೆ. ಅವಸರಕ್ಕೆ ಬೇರೆ ಯಾರೋ ಎಪ್ಟೊಯಿನ್ ಅಥವಾ ಟೆಗ್ರೆಟಾಲ್ ಬರೆದುಕೊಟ್ಟರೆ, ಶುರು ಮಾಡುವ ಮುನ್ನ ನಿಮ್ಮ ನರರೋಗ ತಜ್ಞರನ್ನು ಕೇಳಿ. ಬೇರೆ ಜಾತಿಯ ಫಿಟ್ಸ್‌ಗೆ ಅವು ಒಳ್ಳೆಯ ಔಷಧಿಗಳೇ. ಜೆಎಂಇಯಲ್ಲಿ ಕೈ ಜಾಡಿಸುವುದನ್ನು ಹೆಚ್ಚಿಸಬಲ್ಲವು.

ಮುಚ್ಚಿಟ್ಟಿರುವ ವಿಷಯಕ್ಕೆ ಬರೋಣ. ಇದು ಔಷಧಿಯ ಮಾತಲ್ಲ ಎನ್ನಬೇಡಿ. ಮಾತ್ರೆಯನ್ನು ಸೀರೆಯ ಮಡಿಕೆಯಲ್ಲಿಟ್ಟು, ಅತ್ತೆ ಇಲ್ಲದಾಗ ನುಂಗುವ ಹುಡುಗಿಗೆ ಡೋಸ್ ತಪ್ಪುತ್ತದೆ. ತಪ್ಪಿದರೆ ಏನಾಗುತ್ತದೆ ಎಂದು ನೀವೇ ಬರೆದಿದ್ದೀರಿ. ನಿಮ್ಹಾನ್ಸ್ ತಜ್ಞರು 1993ರಿಂದ 1995ರವರೆಗೆ ಬೆಂಗಳೂರು ನಗರ ಮತ್ತು ಗ್ರಾಮಾಂತರದಲ್ಲಿ ಲಕ್ಷಕ್ಕೂ ಹೆಚ್ಚು ಜನರನ್ನು ಸಮೀಕ್ಷೆ ಮಾಡಿದಾಗ, ಸಾವಿರಕ್ಕೆ ಸುಮಾರು 9 ಮಂದಿಗೆ ಈ ಕಾಯಿಲೆ ಇತ್ತು. ಹಳ್ಳಿಗಳಲ್ಲಿ ಸುಮಾರು 12. ಗಂಡಿನ ಬಳಗದಲ್ಲೂ ಒಬ್ಬರಿಗೆ ಇದ್ದರೆ ಆಶ್ಚರ್ಯವಿಲ್ಲ. ಹಿಂದೂ ವಿವಾಹ ಕಾಯಿದೆಯಲ್ಲಿ ಮದುವೆಗೆ ಅಡ್ಡಿಯಾಗಿದ್ದ ‘ಅಪಸ್ಮಾರ’ವನ್ನು 1999ರಲ್ಲೇ ತೆಗೆದುಹಾಕಿದ್ದಾರೆ. ಕಾಯಿಲೆ ಇರುವುದು ತಪ್ಪಲ್ಲ. ಮುಚ್ಚಿಟ್ಟರೆ ಮಾತ್ರ ಮೋಸ ಎಂಬ ಮಾತು ಕೋರ್ಟಿನವರೆಗೂ ಹೋಗಬಹುದು. ಹುಡುಗನನ್ನು ಒಮ್ಮೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ‘ಮಕ್ಕಳಿಗೂ ಬರುತ್ತದೆಯೇ’ ಎಂದು ಕೇಳೇ ಕೇಳುತ್ತಾನೆ. ಹೆಚ್ಚಿನ ಮಕ್ಕಳಿಗೆ ಬರುವುದಿಲ್ಲ ಎಂಬುದು ಡಾಕ್ಟರ ಬಾಯಿಂದ ಬಂದರೆ ತೂಕ ಬೇರೆ. ಮದುವೆಯಾದರೆ ಫಿಟ್ಸ್ ಹೋಗುತ್ತದೆ ಎನ್ನುವ ಮಾತಿಗೆ ಮಾತ್ರ ನನ್ನ ಹತ್ತಿರ ಒಂದು ಸಾಕ್ಷಿಯೂ ಇಲ್ಲ.

ಮನೆಯವರೆಲ್ಲ ಕಲಿಯಬೇಕಾದದ್ದು ಸ್ವಲ್ಪವೇ. ಫಿಟ್ಸ್ ಬಂದಾಗ ಪಕ್ಕಕ್ಕೆ ಹೊರಳಿಸಿ, ತಲೆಯ ಕೆಳಗೆ ಮೆತ್ತಗಿನದು ಏನಾದರೂ ಇಡಿ. ಬಾಯಿಗೆ ಚಮಚ, ಬಟ್ಟೆ, ನೀರು ಏನನ್ನೂ ಹಾಕಬೇಡಿ. ಬೀಗದ ಕೈ, ಈರುಳ್ಳಿ ಹುಡುಕುವ ಹೊತ್ತಿನಲ್ಲಿ ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ.

ಮುಂದಿನ ಭೇಟಿಗೆ ಮಗಳೇ ಹೋಗಿ ಮಾತಾಡಲಿ. ನೀವು ಪಕ್ಕದಲ್ಲಿ ಕೂತರೆ ಸಾಕು. ಈಗಲೂ ಬೆಳಿಗ್ಗೆ ಕೈ ಜಾಡಿಸುತ್ತದೆಯೇ, ತಿಂಗಳಿಗೆ ಎಷ್ಟು ಡೋಸ್ ತಪ್ಪುತ್ತದೆ, ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತಾಳೆ ಎಂಬುದಕ್ಕೆ ಅಪ್ಪನ ಎದುರು ಒಂದು ಉತ್ತರ, ಇಲ್ಲದಾಗ ಇನ್ನೊಂದು ಉತ್ತರ ಬರುವುದನ್ನು ನಾವು ದಿನಾ ನೋಡುತ್ತೇವೆ. ಮಾತ್ರೆ ಬದಲಾವಣೆ ಈ ತಿಂಗಳೇ ಶುರುವಾಗಲಿ. ಹೊಸ ಮಾತ್ರೆಯ ಮೇಲೆ ಕೆಲವು ತಿಂಗಳು ಆರಾಮವಾಗಿ ಕಳೆದ ಮೇಲೆ ಮುಹೂರ್ತ ಇಟ್ಟುಕೊಳ್ಳಿ. ಫೋಲಿಕ್ ಆಸಿಡ್ ಮಾತ್ರೆಯನ್ನು ಮದುವೆಗೆ ಮುಂಚೆಯೇ ಬರೆಸಿಕೊಳ್ಳಿ. ವಾಲ್‌ಪ್ರೊಯೇಟ್ ಪೂರ್ತಿ ನಿಲ್ಲುವವರೆಗೆ ಮಗು ಬೇಡ ಎಂಬುದನ್ನು ಗಂಡ ಹೆಂಡತಿ ಇಬ್ಬರಿಗೂ ಡಾಕ್ಟರೇ ಹೇಳಲಿ. ಅಲ್ಲಿಯವರೆಗೆ ಯಾವ ಗರ್ಭನಿರೋಧಕ ಬಳಸಬೇಕು ಎಂಬುದನ್ನೂ ಅದೇ ಭೇಟಿಯಲ್ಲಿ ಕೇಳಿ, ಯಾಕೆಂದರೆ ಲ್ಯಾಮೋಟ್ರಿಜಿನ್ ಆರಿಸಿಕೊಂಡರೆ ಸಾಮಾನ್ಯ ಗರ್ಭನಿರೋಧಕ ಗುಳಿಗೆ ಅದರ ಮಟ್ಟವನ್ನು ತಗ್ಗಿಸುತ್ತದೆ.